ಡಿಸೆಂಬರಿನಲ್ಲಿ ರೂಕಿಯ ಕಾಲು ನೋಡಿ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಮುಗಿದ ಮಾರನೆಯ ದಿನದಿಂದ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಮಾತು. ಭುಜ ನೋವೆಂದು ಬಂದವರು, ಮಂಡಿ ಬದಲಿಸಿಕೊಂಡವರು, ಸೊಂಟ ಹಿಡಿದವರು, ಎಲ್ಲರೂ ಟೇಬಲ್ ಮೇಲೆ ಮಲಗಿದಲ್ಲಿಂದಲೇ ಕೇಳುತ್ತಾರೆ: ‘ಈ ವರ್ಷದ ರೂಕಿಗಳ ಬಗ್ಗೆ ನಿನಗೇನನ್ನಿಸುತ್ತದೆ?’

ನಾನು ಡೆಟ್ರಾಯಿಟ್ ಹೊರವಲಯದಲ್ಲಿ ಫಿಸಿಯೋಥೆರಪಿಸ್ಟ್. ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮೂರಿನವರು ತಿಳಿದ ಫುಟ್‌ಬಾಲ್ ಅಲ್ಲ, ಎರಡು ತುದಿ ಚೂಪಾದ ಚೆಂಡಿನ ಅಮೆರಿಕನ್ ಫುಟ್‌ಬಾಲ್. ಕಾಲೇಜು ತಂಡಗಳಿಂದ ಬಂದು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೊದಲ ವರ್ಷ ಆಡುವವನೇ ರೂಕಿ. ಪ್ರತಿ ಏಪ್ರಿಲ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಏಳು ಸುತ್ತು, 32 ತಂಡ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಆಯ್ಕೆ. ನನ್ನ ರೋಗಿಗಳ ತಂಡವಾದ ಡೆಟ್ರಾಯಿಟ್ ಲಯನ್ಸ್ 1957ರ ನಂತರ ಚಾಂಪಿಯನ್ ಆಗಿಲ್ಲ. 2008ರಲ್ಲಿ ಆಡಿದ 16 ಪಂದ್ಯಗಳನ್ನೂ ಸೋತಿತ್ತು. ಅಂಥ ತಂಡವನ್ನು ಪ್ರೀತಿಸುವವರಿಗೆ ಎಷ್ಟೋ ಡಿಸೆಂಬರುಗಳಲ್ಲಿ ಲೆಕ್ಕ ಹಾಕಲು ಉಳಿದಿದ್ದದ್ದು ಹೊಸ ಹುಡುಗರದ್ದು ಮಾತ್ರ. ಈ ಹುಡುಗ ನಿಲ್ಲುತ್ತಾನೆಯೇ, ಮುಂದಿನ ವರ್ಷವಾದರೂ ನಮ್ಮದಾಗುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಅಂಕಿಅಂಶದ ಹಾಳೆಯಿಂದ ಶುರು ಮಾಡಬೇಡಿ ಎಂದು ಅವರಿಗೆ ಹೇಳುತ್ತೇನೆ. ಹುಡುಗನಿಗೆ ಕೊಟ್ಟ ಕೆಲಸ ಯಾವುದು, ಅದನ್ನು ಎಷ್ಟು ಸಲ ಕೊಟ್ಟರು, ಎಂಥ ದೇಹ ಹೊತ್ತು ಅವನು ಅದನ್ನು ಮಾಡಿದ ಎಂದು ಮೊದಲು ನೋಡಿ. ಎಷ್ಟು ಮಾಡಿದ ಎಂಬುದು ಆಮೇಲೆ.

ದೇಹದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ನನ್ನ ಕಸುಬು ಅದು. ಡಿಸೆಂಬರಿನಲ್ಲಿ ನೀವು ನೋಡುತ್ತಿರುವ ರೂಕಿ ಹದಿನಾರು ತಿಂಗಳಿಂದ ಸರಿಯಾಗಿ ದಣಿವಾರಿಸಿಕೊಂಡಿಲ್ಲ. ಹಿಂದಿನ ವರ್ಷದ ಆಗಸ್ಟಿನಲ್ಲಿ ಕಾಲೇಜು ತಂಡದ ತಾಲೀಮು ಶುರುವಾಯಿತು. ಹನ್ನೆರಡು ಪಂದ್ಯ, ತಂಡ ಗೆದ್ದರೆ ಇನ್ನೂ ಎರಡು ಮೂರು. ಅದು ಮುಗಿದ ಕೂಡಲೇ ಡ್ರಾಫ್ಟಿನ ಪರೀಕ್ಷೆಗಳಿಗಾಗಿ 40 ಗಜದ ಓಟ, ಎತ್ತರ ಜಿಗಿತ, ಭಾರ ಎತ್ತುವುದು. ಆ ತಯಾರಿ ದೇಹವನ್ನು ಕೆಲವು ಸೆಕೆಂಡುಗಳ ಸ್ಫೋಟಕ್ಕೆ ಅಣಿ ಮಾಡುತ್ತದೆ, ನಾಲ್ಕು ತಿಂಗಳ ಡಿಕ್ಕಿಗಳಿಗಲ್ಲ. ಏಪ್ರಿಲ್‌ನಲ್ಲಿ ಡ್ರಾಫ್ಟ್, ಮೇ ತಿಂಗಳಲ್ಲಿ ಹೊಸ ಊರು, ಜುಲೈನಲ್ಲಿ ಶಿಬಿರ, ಆಗಸ್ಟಿನಲ್ಲಿ ಅಭ್ಯಾಸ ಪಂದ್ಯಗಳು, ಆಮೇಲೆ 17 ಪಂದ್ಯಗಳ ಸೀಸನ್. ಹನ್ನೆರಡನೆಯ ಪಂದ್ಯದ ಹೊತ್ತಿಗೆ ಕಾಲೇಜಿನಲ್ಲಾಗಿದ್ದರೆ ಆಟ ಮುಗಿಯುತ್ತಿತ್ತು. ಇಲ್ಲಿ ಇನ್ನೂ ಐದು ಬಾಕಿ. ‘ರೂಕಿ ವಾಲ್’ ಎಂದು ಇಲ್ಲಿಯವರು ಕರೆಯುವ ಗೋಡೆ ಎದುರಾಗುವುದು ಆಗಲೇ.

ಆ ದಣಿವು ಓಟದ ವೇಗದಲ್ಲಿ ಮೊದಲು ಕಾಣಿಸುವುದಿಲ್ಲ, ನಿಲ್ಲುವುದರಲ್ಲಿ ಕಾಣಿಸುತ್ತದೆ. ಪೂರ್ತಿ ವೇಗದಲ್ಲಿ ಓಡುತ್ತಿದ್ದವನು ಥಟ್ಟನೆ ನಿಂತು ತಿರುಗಬೇಕಾದರೆ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ಸ್ನಾಯುವಿನ ಎಳೆಗಳನ್ನು ಹೆಚ್ಚು ಘಾಸಿ ಮಾಡುವ, ಮರುದಿನ ಮೆಟ್ಟಿಲಿಳಿಯುವಾಗ ನೋಯಿಸುವ ಕೆಲಸ ಅದು. ಸೆಪ್ಟೆಂಬರಿನಲ್ಲಿ ಮೂರು ಹೆಜ್ಜೆಗೆ ನಿಲ್ಲುತ್ತಿದ್ದ ಹುಡುಗ ಡಿಸೆಂಬರಿನಲ್ಲಿ ಐದು ಹೆಜ್ಜೆ ತೆಗೆದುಕೊಂಡರೆ, ಚೆಂಡು ಕೈತಪ್ಪಿತೆಂದು ಅವನ ಕೈಯನ್ನು ಬೈಯುವ ಮುನ್ನ ಕಾಲು ನೋಡಬೇಕು. ಮುಂಚೂಣಿಯಲ್ಲಿ ತಡೆಯುವ ದಪ್ಪ ಆಟಗಾರರಲ್ಲಾದರೆ ಸೊಂಟ ಮೇಲೇರುತ್ತದೆ. ಮಂಡಿ ಬಾಗಿಸಿ ಕೂತು ತಳ್ಳಬೇಕಾದವನು ನೆಟ್ಟಗಾಗುತ್ತಾನೆ, ಎದುರಾಳಿ ಅವನ ಎದೆಯಡಿಗೆ ಸಲೀಸಾಗಿ ನುಗ್ಗುತ್ತಾನೆ.

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾರು ಜೋಡಿಸಿ ನಿವೃತ್ತರಾದ ರೋಗಿಯೊಬ್ಬರಿಗೆ ಇದನ್ನು ವಿವರಿಸುತ್ತಿದ್ದೆ. ಅವರು ನಡುವೆಯೇ ತಡೆದು, ಲೈನಿಗೆ ಹೊಸಬ ಬಂದಾಗ ನಾವು ಅವನ ಕೆಲಸವನ್ನು ಶಿಫ್ಟಿನ ಕೊನೆಯ ಗಂಟೆಯಲ್ಲೇ ನೋಡುತ್ತಿದ್ದೆವು, ಬೆಳಿಗ್ಗೆ ಎಲ್ಲರೂ ಚೆನ್ನಾಗಿಯೇ ಬೋಲ್ಟ್ ಬಿಗಿಯುತ್ತಾರೆ ಎಂದರು. ಅಂದಿನಿಂದ ನಾನೂ ಮೊದಲು ನೋಡುವುದು ಪಂದ್ಯದ ಕೊನೆಯ ಕಾಲುಭಾಗವಾದ ನಾಲ್ಕನೇ ಕ್ವಾರ್ಟರನ್ನೇ.

ಈಗ ಕೆಲಸ ಮತ್ತು ಅವಕಾಶದ ಲೆಕ್ಕ. ಲಯನ್ಸ್‌ನ ಎರಡು ಡಿಸೆಂಬರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಇದು ಅರ್ಥವಾಗುವಷ್ಟು ಬೇರೆ ಯಾವುದರಿಂದಲೂ ಆಗುವುದಿಲ್ಲ.

ಅಮೊನ್-ರಾ ಸೇಂಟ್ ಬ್ರೌನ್ 2021ರಲ್ಲಿ ನಾಲ್ಕನೇ ಸುತ್ತಿನಲ್ಲಿ 112ನೆಯವನಾಗಿ ಆಯ್ಕೆಯಾದ ರಿಸೀವರ್, ಎಂದರೆ ಓಡಿಹೋಗಿ ಎಸೆತ ಹಿಡಿಯುವವನು. ಅವನಿಗಿಂತ ಮೊದಲು ಆಯ್ಕೆಯಾದ ರಿಸೀವರ್‌ಗಳು 16 ಮಂದಿ. ಮೊದಲ 11 ಪಂದ್ಯಗಳಲ್ಲಿ 39 ಕ್ಯಾಚ್ ಹಿಡಿದಿದ್ದ, ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವ ಒಂದೂ ಟಚ್‌ಡೌನ್ ಇಲ್ಲ. ತಂಡ ಅಲ್ಲಿಯವರೆಗೆ ಒಂದೂ ಗೆದ್ದಿರಲಿಲ್ಲ: 10 ಸೋಲು, ಒಂದು ಟೈ. ಡಿಸೆಂಬರ್ 5ರಂದು ಮಿನೆಸೋಟ ವೈಕಿಂಗ್ಸ್ ವಿರುದ್ಧ ಗಡಿಯಾರ ಸೊನ್ನೆಗೆ ಬರುತ್ತಿದ್ದಾಗ ತಂಡದ ಎಸೆತಗಾರ (ಕ್ವಾರ್ಟರ್‌ಬ್ಯಾಕ್) ಜೇರೆಡ್ ಗಾಫ್ ಎಸೆದ 11 ಗಜದ ಚೆಂಡನ್ನು ಹಿಡಿದು ಅವನು ಮೊದಲ ಟಚ್‌ಡೌನ್ ಗಳಿಸಿದ. 29-27. ವರ್ಷದ ಮೊದಲ ಗೆಲುವು. ಅದೂ ಸೇರಿ ಕೊನೆಯ ಆರು ಪಂದ್ಯಗಳಲ್ಲಿ 51 ಕ್ಯಾಚ್, 560 ಗಜ, 5 ಟಚ್‌ಡೌನ್.

ಮರುವರ್ಷ, 2022. ಆರನೇ ಸುತ್ತಿನಲ್ಲಿ 217ನೆಯವನಾಗಿ ಬಂದ ಜೇಮ್ಸ್ ಹ್ಯೂಸ್ಟನ್ ನವೆಂಬರಿನವರೆಗೂ ಪಂದ್ಯಕ್ಕಿಳಿಯದೆ ಅಭ್ಯಾಸದ ಪಡೆಯಲ್ಲೇ ಇದ್ದ. ಥ್ಯಾಂಕ್ಸ್‌ಗಿವಿಂಗ್ ದಿನ ಬಫಲೋ ಬಿಲ್ಸ್ ವಿರುದ್ಧ ಮೊದಲ ಬಾರಿ ಇಳಿದು ಎರಡು ಸ್ಯಾಕ್ ಮಾಡಿದ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುನ್ನವೇ ಅವನನ್ನು ನೆಲಕ್ಕೆ ಕೆಡಹುವುದೇ ಸ್ಯಾಕ್. ಹ್ಯೂಸ್ಟನ್ ಏಳು ಪಂದ್ಯಗಳಲ್ಲಿ ಮಾಡಿದ್ದು ಎಂಟು. ಊರಿಗೆ ಊರೇ ಅವನ ಹೆಸರು ಹೇಳುತ್ತಿತ್ತು.

ಎರಡೂ ಸಲ ಅಭಿಮಾನಿಗಳು ಒಂದೇ ಉತ್ಸಾಹದಲ್ಲಿದ್ದರು. ಸೇಂಟ್ ಬ್ರೌನ್ 2023ರಲ್ಲಿ 119 ಕ್ಯಾಚ್, 1,515 ಗಜ ಗಳಿಸಿ ಲೀಗಿನ ಅತ್ಯುತ್ತಮರ ಸಾಲಿಗೆ ಸೇರಿದ. ಹ್ಯೂಸ್ಟನ್ ಅದೇ ವರ್ಷದ ಎರಡನೇ ಪಂದ್ಯದಲ್ಲಿ ಕಣಕಾಲಿನ ಮೂಳೆ ಮುರಿದುಕೊಂಡ. 2024ರ ನವೆಂಬರಿನಲ್ಲಿ ತಂಡ ಅವನನ್ನು ಬಿಟ್ಟುಕೊಟ್ಟಿತು. ಅವನ ಆಟ ಬೇರೆ ತಂಡಗಳಲ್ಲಿ ಮುಂದುವರಿಯಿತು.

ಇದು ಮುಂಚೆಯೇ ಗೊತ್ತಾಗುವಂತಿತ್ತೇ? ಪೂರ್ತಿ ಇಲ್ಲ. ಮುರಿಯುವ ಮೂಳೆಯನ್ನು ಯಾರೂ ಮೊದಲೇ ಕಾಣಲಾರರು. ಆದರೆ ಕೊಟ್ಟ ಕೆಲಸಗಳು ಒಂದೇ ಆಗಿರಲಿಲ್ಲ. ಹ್ಯೂಸ್ಟನ್‌ನನ್ನು ಹೆಚ್ಚಾಗಿ ಇಳಿಸುತ್ತಿದ್ದದ್ದು ಎದುರಾಳಿ ಚೆಂಡು ಎಸೆದೇ ಎಸೆಯುತ್ತಾನೆ ಎಂದು ಖಚಿತವಿದ್ದಾಗ. ಹೊರ ಅಂಚಿನಿಂದ ಬಿರುಸಾಗಿ ನುಗ್ಗುವುದೊಂದೇ ಅವನ ಹೊಣೆ. ಎದುರಾಳಿಗಳ ಬಳಿ ಅವನ ವಿಡಿಯೋ ಇನ್ನೂ ಹೆಚ್ಚು ಇರಲಿಲ್ಲ. ಕ್ರಿಕೆಟ್ ನೋಡುವವರಿಗೆ ಶ್ರೀಲಂಕಾದ ಸ್ಪಿನ್ನರ್ ಅಜಂತಾ ಮೆಂಡಿಸ್ ನೆನಪಿರಬೇಕು. 2008ರ ಏಷ್ಯಾ ಕಪ್ ಫೈನಲ್‌ನಲ್ಲಿ ನಮ್ಮವರ ಆರು ವಿಕೆಟ್‌ಗಳನ್ನು 13 ರನ್‌ಗೆ ಕಿತ್ತವನು, ಅದೇ ಬೇಸಿಗೆಯ ಮೂರು ಟೆಸ್ಟ್‌ಗಳಲ್ಲಿ 26 ಪಡೆದವನು. ಅವನ ಬೆರಳು ಓದಲು ಬ್ಯಾಟ್ಸ್‌ಮನ್‌ಗಳು ಕಲಿತ ಮೇಲೆ ಆ ಮಾಯೆ ತೆಳುವಾಯಿತು. ಹೊಸಬನ ಒಂದು ಅಸ್ತ್ರ ಎದುರಾಳಿಗೆ ತಿಳಿಯುವ ತನಕ ಲೆಕ್ಕ ಮುಗಿಸಬಾರದು.

ಸೇಂಟ್ ಬ್ರೌನ್ ವಿಷಯದಲ್ಲೂ ಆಗ ನ್ಯಾಯವಾದ ಅನುಮಾನವಿತ್ತು. ಎಸೆತ ಹಿಡಿಯುವ ಇನ್ನೊಬ್ಬ, ಟೈಟ್ ಎಂಡ್ ಸ್ಥಾನದ ಟಿ.ಜೆ. ಹಾಕೆನ್ಸನ್ ಗಾಯಗೊಂಡು ಹೊರಗಿದ್ದ, ಆದ್ದರಿಂದ ಚೆಂಡೆಲ್ಲ ಇವನ ಕಡೆಗೇ ಬರುತ್ತಿದೆ, ಸೋತ ತಂಡದ ಅಂಕಿ ಇದು ಎಂದು ನನ್ನ ಕ್ಲಿನಿಕ್ಕಿನಲ್ಲೇ ವಾದ ನಡೆದಿತ್ತು. ನಾನು ನೋಡಿದ್ದು ಬೇರೆ. ಆರು ಪಂದ್ಯಗಳಲ್ಲಿ ಒಮ್ಮೆಯೂ ಎಂಟು ಕ್ಯಾಚ್‌ಗಿಂತ ಕೆಳಗಿಳಿಯಲಿಲ್ಲ. ಇವನಿಗೇ ಚೆಂಡು ಬರುತ್ತದೆಂದು ಎದುರಾಳಿಗೆ ಗೊತ್ತಿದ್ದೂ ತಡೆಯಲಾಗಲಿಲ್ಲ. ಆಟದ ಉದ್ದಕ್ಕೂ ಮೈದಾನದಲ್ಲಿರುತ್ತಿದ್ದ, ಚೆಂಡು ತನ್ನ ಕಡೆ ಬಾರದಾಗ ತನಗಿಂತ ದೊಡ್ಡವರನ್ನು ಮೈಕೊಟ್ಟು ತಡೆಯುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಹನ್ನೆರಡನೇ ಪಂದ್ಯದ ಗೋಡೆ ಎದುರಾಗಬೇಕಾದಲ್ಲೇ ಅವನ ನಿಲ್ಲುವ ಹೆಜ್ಜೆಗಳು ಇನ್ನೂ ಚುರುಕಾದವು. ಅವನ ತಂದೆ ಜಾನ್ ಬ್ರೌನ್ ಮಿಸ್ಟರ್ ಯೂನಿವರ್ಸ್ ಗೆದ್ದ ದೇಹದಾರ್ಢ್ಯ ಪಟು, ಮಕ್ಕಳನ್ನು ಚಿಕ್ಕಂದಿನಿಂದ ತಾವೇ ಪಳಗಿಸಿದವರು. ಅಭ್ಯಾಸ ಮುಗಿದ ಮೇಲೆ ಯಂತ್ರ ಎಸೆಯುವ 202 ಚೆಂಡು ಹಿಡಿದೇ ಮಗ ಒಳಗೆ ಹೋಗುತ್ತಾನೆ. ಡಿಸೆಂಬರಿನ ಕಾಲು ತಯಾರಾಗುವುದು ಹಾಗೆ ವರ್ಷಾನುಗಟ್ಟಲೆಯ ದಿನಚರಿಯಲ್ಲಿ.

ಅಂಕಿಯೇ ಇಲ್ಲದ ರೂಕಿಗಳ ಬಗ್ಗೆಯೂ ಒಂದು ಮಾತು. 2021ರಲ್ಲಿ ಏಳನೆಯವನಾಗಿ ಬಂದ ಪೆನೇ ಸೂಯಲ್ ಕ್ವಾರ್ಟರ್‌ಬ್ಯಾಕನ್ನು ಕಾಯುವ ಟ್ಯಾಕಲ್. ಕೋವಿಡ್ ಕಾರಣಕ್ಕೆ ಹಿಂದಿನ ವರ್ಷ ಆಡಿರಲಿಲ್ಲ. ಬಲಬದಿಗೆಂದು ತಂದವನನ್ನು, ಹಿರಿಯ ಟೇಲರ್ ಡೆಕರ್‌ನ ಬೆರಳಿಗೆ ಗಾಯವಾದ್ದರಿಂದ ಎಡಬದಿಗೆ ನಿಲ್ಲಿಸಿದರು. ಡೆಕರ್ ಮರಳಿದ ಮೇಲೆ ನಡುಸೀಸನ್‌ನಲ್ಲಿ ಮತ್ತೆ ಬಲಕ್ಕೆ. ನೋಡುವವರಿಗೆ ಎರಡೂ ಒಂದೇ ಕೆಲಸ. ದೇಹಕ್ಕೆ ಹಾಗಲ್ಲ. ಮೊದಲು ಹಿಂದೆ ಸರಿಯುವ ಕಾಲು, ಭಾರ ಹೊರುವ ಸೊಂಟ, ಮುಂದೆ ಚಾಚುವ ಕೈ ಎಲ್ಲವೂ ಅದಲುಬದಲು. ಬಲಗೈಯವನಿಗೆ ಎಡಗೈಯಲ್ಲಿ ಬರೆಯಲು ಹೇಳಿದ ಹಾಗೆ, ಅದೂ 130 ಕಿಲೋ ತೂಗುವವನೊಬ್ಬ ಎದುರಿನಿಂದ ನುಗ್ಗುತ್ತಿರುವಾಗ. ಸೆಪ್ಟೆಂಬರಿನ ಮುನ್ನ ಅವನ ಎಡವಟ್ಟುಗಳನ್ನು ಆಡಿಕೊಂಡವರು ಬಹಳ. 21 ತುಂಬಿದ್ದೇ ಆ ಅಕ್ಟೋಬರಿನಲ್ಲಿ. ಮುಂದೆ ಅವನು ಲೀಗಿನ ಅತ್ಯುತ್ತಮ ಬಲ ಟ್ಯಾಕಲ್ ಎನಿಸಿಕೊಂಡ. ಟ್ಯಾಕಲ್‌ನನ್ನು ಅಳೆಯಬೇಕಿದ್ದರೆ ಚೆಂಡನ್ನು ಮರೆತು, ಆಟ ಶುರುವಾದ ಎರಡು ಸೆಕೆಂಡು ಅವನ ಸೊಂಟವನ್ನಷ್ಟೇ ನೋಡಿ.

ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ದಿಗ್ಗಜನೆನಿಸಿದ ಪೇಟನ್ ಮ್ಯಾನಿಂಗ್ 1998ರಲ್ಲಿ ರೂಕಿಯಾಗಿ 28 ಎಸೆತಗಳನ್ನು ಎದುರಾಳಿಗಳ ಕೈಗೆ ಕೊಟ್ಟ, ತಂಡ 3 ಗೆದ್ದು 13 ಸೋತಿತು. ಮರುವರ್ಷ 13 ಗೆದ್ದು 3 ಸೋತಿತು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನನಗೆ ಅತಿ ಹತ್ತಿರದ ಕಥೆ ಜೇಮ್ಸನ್ ವಿಲಿಯಮ್ಸ್‌ನದು. 2022ರ ಜನವರಿ 10, ಕಾಲೇಜು ಚಾಂಪಿಯನ್‌ಷಿಪ್ ಫೈನಲ್. ಅಲಬಾಮಾ ಪರ ಓಡುತ್ತಿದ್ದ ಅವನ ಎಡಮಂಡಿಯ ಎಸಿಎಲ್, ಎಂದರೆ ಮಂಡಿಯನ್ನು ಹಿಡಿದಿಡುವ ಒಳಗಿನ ಲಿಗಮೆಂಟ್, ಹರಿಯಿತು, ಯಾರ ಡಿಕ್ಕಿಯೂ ಇಲ್ಲದೆ. ಆದರೂ ಏಪ್ರಿಲ್‌ನಲ್ಲಿ ಲಯನ್ಸ್ ಅವನನ್ನು 12ನೆಯವನಾಗಿ ಆರಿಸಿತು. ಡಿಸೆಂಬರ್ 4ರಂದು ಮೈದಾನಕ್ಕಿಳಿದ. ಮರುವಾರ ಮೊದಲ ಕ್ಯಾಚ್, 41 ಗಜದ ಟಚ್‌ಡೌನ್. ಆ ವರ್ಷ ಆರು ಪಂದ್ಯಗಳಲ್ಲಿ ಅದೊಂದೇ ಕ್ಯಾಚ್. ಜನವರಿಯ ಹೊತ್ತಿಗೆ ‘ದುಡ್ಡು ದಂಡ’ ಎಂಬ ಮಾತು ನನ್ನ ಟೇಬಲ್ ಮೇಲಿನಿಂದಲೂ ಕೇಳಿಬಂತು. ಅಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.

ಅವನ ಮಂಡಿಯನ್ನು ಮುಟ್ಟಿ ನೋಡಿದವಳಲ್ಲ ನಾನು. ಆದರೆ ಅಂಥ ಮಂಡಿಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಹರಿದ ಎಸಿಎಲ್ ಜಾಗದಲ್ಲಿ ರೋಗಿಯದೇ ಸ್ನಾಯುರಜ್ಜುವಿನ ತುಂಡನ್ನು ಕೂರಿಸುತ್ತಾರೆ. ಕೂರಿಸಿದಾಗ ಅದಕ್ಕೆ ರಕ್ತದ ಓಡಾಟವಿಲ್ಲ. ಮೊದಲ ಕೆಲವು ತಿಂಗಳಲ್ಲಿ ಗಟ್ಟಿಯಾಗುವ ಮುನ್ನ ಇನ್ನಷ್ಟು ದುರ್ಬಲವಾಗುತ್ತದೆ, ಆಮೇಲೆ ನಿಧಾನಕ್ಕೆ ರಕ್ತನಾಳ ಹಬ್ಬಿ ಲಿಗಮೆಂಟಿನಂತೆ ಮಾರ್ಪಡುತ್ತದೆ. ಪೂರ್ತಿಯಾಗಲು ಒಂದು ವರ್ಷ, ಕೆಲವೊಮ್ಮೆ ಎರಡು. ಇತ್ತ ಮೆದುಳು ಆ ಮಂಡಿಯನ್ನು ಕಾಯಲೆಂದು ತೊಡೆಯ ಸ್ನಾಯುವಿಗೆ ಪೂರ್ಣ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತದೆ. ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಒಂಬತ್ತು ತಿಂಗಳಿಗಿಂತ ಮೊದಲು ಆಟಕ್ಕೆ ಮರಳಿದವರಲ್ಲಿ ಮತ್ತೆ ಹರಿಯುವ ಅಪಾಯ ಹೆಚ್ಚು. ಗಾಯದ ಕಾಲಿನ ಬಲ ಇನ್ನೊಂದರ ಶೇ. 90ನ್ನಾದರೂ ಮುಟ್ಟದೆ ನಾವು ಮೈದಾನಕ್ಕೆ ಬಿಡುವುದಿಲ್ಲ.

ನೇರ ಓಟ ಮೊದಲು ಮರಳುತ್ತದೆ, ಥಟ್ಟನೆ ನಿಲ್ಲುವುದು ಕೊನೆಗೆ. ಆ 41 ಗಜದ ಟಚ್‌ಡೌನನ್ನು ಇನ್ನೊಮ್ಮೆ ನೋಡಿ: ಹತ್ತಿರ ಯಾರೂ ಇಲ್ಲ, ವೇಗವೊಂದೇ ಸಾಕಾಗಿತ್ತು. ಆ ಡಿಸೆಂಬರಿನಲ್ಲಿ ಅವನಿಂದ ತಿಳಿಯಬಹುದಾಗಿದ್ದದ್ದು ಮಂಡಿ ಓಟಕ್ಕೆ ಒಗ್ಗಿದೆ ಎಂಬುದಷ್ಟೇ. ಒಳ್ಳೆಯ ರಿಸೀವರ್ ಆಗುತ್ತಾನೋ ಇಲ್ಲವೋ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಇರಲಿಲ್ಲ, ಇಲ್ಲದ ಉತ್ತರವನ್ನು ಹುಡುಗನ ಮೇಲೆ ಹೇರಿದ್ದು ನನಗೆ ನೋವಾಯಿತು. ಬೆಟ್ಟಿಂಗ್ ನಿಯಮ ಮುರಿದದ್ದಕ್ಕೆ 2023ರ ಆರಂಭದಲ್ಲಿ ಲೀಗ್ ಅವನನ್ನು ಅಮಾನತು ಮಾಡಿದ್ದು ಬೇರೆ ವಿಷಯ, ಅದು ಅವನದೇ ತಪ್ಪು. 2024ರಲ್ಲಿ ಅವನು 58 ಕ್ಯಾಚ್ ಹಿಡಿದು 1,001 ಗಜ ಗಳಿಸಿದ. ಆ ವರ್ಷ ಎಲ್ಲರೂ ಅವನ ಓಟ ನೋಡುತ್ತಿದ್ದಾಗ ನಾನು ನೋಡುತ್ತಿದ್ದದ್ದು ಎಡಗಾಲು ಊರಿ, ಮೈ ತಗ್ಗಿಸಿ, ಒಳಕ್ಕೆ ತಿರುಗುವ ಆ ಒಂದು ಹೆಜ್ಜೆಯನ್ನು.

ಈಗ ನನ್ನಲ್ಲಿ ಬರುತ್ತಿರುವ ಹದಿನೇಳರ ಹುಡುಗನದೂ ಎಡಮಂಡಿಯೇ. ಹೈಸ್ಕೂಲ್ ತಂಡದಲ್ಲಿ ಅವನೂ ರಿಸೀವರ್. ಕಳೆದ ವಾರ ಆ ಹೆಜ್ಜೆಯ ತುಣುಕನ್ನು ಫೋನಿನಲ್ಲಿ ತೋರಿಸಿದೆ. ಮೂರು ಸಲ ಹಿಂದಕ್ಕೆ ಎಳೆದು ನೋಡಿದ, ನನಗೆ ಇದು ಯಾವಾಗ ಬರುತ್ತದೆ ಎಂದ. ನಿನಗೆ ಇನ್ನೂ ಏಳನೇ ತಿಂಗಳು ಎಂದೆ. ತಲೆಯಾಡಿಸಿ ಫೋನ್ ವಾಪಸು ಕೊಟ್ಟು, ಒಂಟಿ ಕಾಲಿನಲ್ಲಿ ಕೂತೇಳುವ ವ್ಯಾಯಾಮದ ಮೂರನೇ ಸುತ್ತಿಗೆ ಎದ್ದು ನಿಂತ.