ಪವರ್ ಫಾರ್ವರ್ಡ್‌ಗಳು ಇಷ್ಟೊಂದು ತ್ರೀ ಹೊಡೆಯಬೇಕಾ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2009-10ರ ಸೀಸನ್‌ನಲ್ಲಿ ಅಟ್ಲಾಂಟಾ ಹಾಕ್ಸ್‌ನ ಜಾಶ್ ಸ್ಮಿತ್ ಇಡೀ ವರ್ಷಕ್ಕೆ ಹೊಡೆದ ತ್ರೀ (ದೂರದ ಗೆರೆಯಾಚೆಯಿಂದ ಎಸೆಯುವ, ಬಿದ್ದರೆ ಮೂರು ಪಾಯಿಂಟ್ ಸಿಗುವ ಶಾಟ್) ಬರೀ 7. ಒಂದೂ ಬೀಳಲಿಲ್ಲ. ಆದರೂ ಅವರ ಒಟ್ಟು ಶೂಟಿಂಗ್ ಶೇ. 50 ದಾಟಿತ್ತು, ತಂಡ 53 ಪಂದ್ಯ ಗೆದ್ದಿತ್ತು. ನಾಲ್ಕು ವರ್ಷ ಬಿಟ್ಟು ಡೆಟ್ರಾಯಿಟ್‌ನಲ್ಲಿ ಇದೇ ಸ್ಮಿತ್ 265 ತ್ರೀ ಹೊಡೆದರು, ಬಿದ್ದದ್ದು 70. ತಂಡ ಗೆದ್ದದ್ದು 29 ಪಂದ್ಯ. ತಪ್ಪು ಅವರೊಬ್ಬರದೇ ಅಲ್ಲ ಬಿಡಿ. ಬುಟ್ಟಿ ಇರುವ ಬೋರ್ಡ್ ಕೆಳಗಿನ ಜಾಗದಲ್ಲಿ ಆಂಡ್ರೆ ಡ್ರಮಂಡ್ ಮತ್ತು ಗ್ರೆಗ್ ಮನ್ರೋ ಇದ್ದರು, ಹಾಗಾಗಿ ಹುಟ್ಟಾ ಪವರ್ ಫಾರ್ವರ್ಡ್ (ಬುಟ್ಟಿ ಹತ್ತಿರ ಆಡುವ ಗಟ್ಟಿ ಆಟಗಾರ) ಆಗಿದ್ದ ಸ್ಮಿತ್ ಅವರನ್ನು ತಂಡವೇ ಹೊರಗೆ ನಿಲ್ಲಿಸಿತು.

ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ ಬಂದದ್ದು 1979ರಲ್ಲಿ. ಬುಟ್ಟಿಯಿಂದ ಗೆರೆಗೆ ನಡುವೆ 7.24 ಮೀಟರ್, ಕಾರ್ನರ್‌ನಲ್ಲಿ ಸುಮಾರು 6.7. ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ ಸರಾಸರಿ 3 ತ್ರೀ ಕೂಡ ಹೊಡೆಯುತ್ತಿರಲಿಲ್ಲ. ಅದರಲ್ಲೂ ಪವರ್ ಫಾರ್ವರ್ಡ್ ಅಂದರೆ ಬೋರ್ಡ್ ಕೆಳಗೆ ಮೈಯೊಡ್ಡಿ ರೀಬೌಂಡ್ (ತಪ್ಪಿದ ಶಾಟ್‌ನ ಬಾಲ್) ಹಿಡಿಯುವವರು, ಬೆನ್ನು ಕೊಟ್ಟು ಡಿಫೆಂಡರ್‌ನನ್ನು ಒಳಗೆ ತಳ್ಳಿಕೊಂಡು ಹೋಗುವವರು. ಕೆವಿನ್ ಮೆಕ್‌ಹೇಲ್, ಕಾರ್ಲ್ ಮಲೋನ್ ಥರದವರು. ಆಗ ಜೋನ್ ಡಿಫೆನ್ಸ್‌ಗೆ (ಆಟಗಾರನ ಬದಲು ಜಾಗ ಕಾಯುವುದಕ್ಕೆ) ಅವಕಾಶವಿರಲಿಲ್ಲ, ಪ್ರತಿಯೊಬ್ಬರೂ ತಮ್ಮ ಆಟಗಾರನ ಹತ್ತಿರವೇ ಇರಬೇಕಿತ್ತು, ಆದ್ದರಿಂದ ಒಳಗೆ ಆಡುವವರಿಗೆ ಜಾಗ ತಾನಾಗಿ ಸಿಗುತ್ತಿತ್ತು. ಹೀಗಿರುವಾಗ ಹೊರಗೆ ಹೋಗುವ ದರ್ದು ಯಾರಿಗಿತ್ತು? ಚಾರ್ಲ್ಸ್ ಬಾರ್ಕ್ಲಿ ಮಾತ್ರ ಕೈಯಲ್ಲಿ ಬಾಲ್ ಸಿಕ್ಕರೆ ಹೊಡೆದೇ ಬಿಡುತ್ತಿದ್ದರು. ಇಡೀ ವೃತ್ತಿಯಲ್ಲಿ ಅವರ ತ್ರೀ ಬಿದ್ದದ್ದು ಶೇ. 26.6. ಬೋರ್ಡ್ ಕೆಳಗೆ ಅಷ್ಟು ಜೋರಾಗಿದ್ದ ಆಟಗಾರ ಹಾಗೆ ಹೊಡೆದದ್ದು ನಿಜಕ್ಕೂ ನಷ್ಟವೇ.

ದಾರಿ ಬದಲಾದದ್ದು 1994-95ರಲ್ಲಿ. ಆ ವರ್ಷ ಗೆರೆಯನ್ನು ಎಲ್ಲ ಕಡೆ 6.7 ಮೀಟರಿಗೆ ಇಳಿಸಿದರು (ಮೂರು ಸೀಸನ್ ಹಾಗೇ ಇತ್ತು). ಅದೇ ಸೀಸನ್ ನಡುವೆ ಹ್ಯೂಸ್ಟನ್ ರಾಕೆಟ್ಸ್ ತಂಡ ಕ್ಲೈಡ್ ಡ್ರೆಕ್ಸ್ಲರ್ ಬೇಕು ಅಂತ ತನ್ನ ಪವರ್ ಫಾರ್ವರ್ಡ್ ಒಟಿಸ್ ಥಾರ್ಪ್ ಅವರನ್ನು ಬಿಟ್ಟುಕೊಟ್ಟಿತು. ಆ ಜಾಗಕ್ಕೆ ರಾಬರ್ಟ್ ಹಾರಿ ಎಂಬ ತೆಳ್ಳಗಿನ ಆಟಗಾರ ಬಂದರು. ಬೋರ್ಡ್ ಕೆಳಗೆ ಆಡುತ್ತಿದ್ದ ಹಕೀಮ್ ಒಲಾಜುವಾನ್ ಮೇಲೆ ಇಬ್ಬರು ಡಿಫೆಂಡರ್ ಬಿದ್ದರೆ ಬಾಲ್ ಹೊರಗೆ ನಿಂತ ರಾಬರ್ಟ್ ಹಾರಿ ಅವರ ಕೈಗೆ, ಅಲ್ಲಿಂದ ತ್ರೀ. ಫೈನಲ್‌ನಲ್ಲಿ ಒರ್ಲ್ಯಾಂಡೊವನ್ನು 4-0 ಬಡಿದರು.

ಆಮೇಲೆ ಡರ್ಕ್ ನೊವಿಟ್ಸ್ಕಿ. 7 ಅಡಿ ಎತ್ತರ, ತ್ರೀ ಶೇ. 38. 2007ರಲ್ಲಿ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ), 2011ರಲ್ಲಿ ಚಾಂಪಿಯನ್. ಈ ನಡುವೆ 2001ರಲ್ಲಿ ಜೋನ್ ಡಿಫೆನ್ಸ್‌ಗೆ ಅನುಮತಿ ಸಿಕ್ಕಿತ್ತು. ಈಗ ಡಿಫೆಂಡರ್‌ಗಳು ಒಳಗೆ ಗುಂಪು ಕಟ್ಟಬಹುದು, ಆ ಗುಂಪು ಚದುರಿಸಲು ಹೊರಗೆ ಶೂಟರ್ ಬೇಕೇ ಬೇಕು. 2009ರಲ್ಲಿ ಒರ್ಲ್ಯಾಂಡೊ ಡ್ವೈಟ್ ಹಾವರ್ಡ್ ಒಬ್ಬರನ್ನೇ ಒಳಗೆ ಬಿಟ್ಟು, ರಶಾರ್ಡ್ ಲೂಯಿಸ್ ಅವರನ್ನು ಪವರ್ ಫಾರ್ವರ್ಡ್ ಮಾಡಿ ಫೈನಲ್ ತನಕ ಹೋಯಿತು. ಆ ಸೀಸನ್ ಲೀಗ್‌ನಲ್ಲೇ ಅತಿ ಹೆಚ್ಚು ತ್ರೀ ಹಾಕಿದವರು ಲೂಯಿಸ್, ಒಬ್ಬ ಪವರ್ ಫಾರ್ವರ್ಡ್! ಎಲ್ಲರೂ ಅದನ್ನೇ ಹಿಡಿದರು. 2011-12ರಲ್ಲಿ ಒಂದು ತಂಡಕ್ಕೆ ಪಂದ್ಯಕ್ಕೆ ಸುಮಾರು 18 ಇದ್ದ ತ್ರೀ ಯತ್ನ 2024-25ಕ್ಕೆ 37 ದಾಟಿತು.

ಲೆಕ್ಕ ಸುಲಭ. ಶೇ. 33ರಷ್ಟು ತ್ರೀ ಬಿದ್ದರೆ ಅದು ಶೇ. 50ರ ಟೂಗೆ (ಎರಡು ಪಾಯಿಂಟ್ ಶಾಟ್‌ಗೆ) ಸಮ. ಶೇ. 30 ಬಿದ್ದರೆ ಒಂದು ಶಾಟ್‌ಗೆ 0.9 ಪಾಯಿಂಟ್. ಅದೇ ಆಟಗಾರ ಬೋರ್ಡ್ ಹತ್ತಿರ ಶೇ. 60 ಹಾಕಿದರೆ 1.2. ಇಷ್ಟೇ ಅಲ್ಲ. ತಂಡದ ಒಳ್ಳೆ ರೀಬೌಂಡರ್ ಗೆರೆ ಹತ್ತಿರ ನಿಂತು ಹೊಡೆದು ತಪ್ಪಿದರೆ, ಆ ಬಾಲ್ ಹಿಡಿಯಲು ಬೋರ್ಡ್ ಕೆಳಗೆ ಯಾರಿರುತ್ತಾರೆ? ಈ ನಷ್ಟ ಶೂಟಿಂಗ್ ಪರ್ಸೆಂಟ್‌ನಲ್ಲಿ ಕಾಣಲ್ಲ, ನನಗೆ ದೊಡ್ಡ ತಕರಾರು ಇರೋದೇ ಇಲ್ಲಿ.

'ಬೀಳದಿದ್ದರೂ ಪರವಾಗಿಲ್ಲ, ಹೊರಗೆ ನಿಂತರೆ ಜಾಗ ತೆರೆಯುತ್ತೆ' ಅನ್ನುವವರಿದ್ದಾರೆ. ಒಪ್ಪಲ್ಲ. ಬೀಳುತ್ತೆ ಅನ್ನೋ ಭಯ ಇದ್ದರೆ ತಾನೇ ಡಿಫೆಂಡರ್ ಹೊರಗೆ ಬರೋದು? ಗೋಲ್ಡನ್ ಸ್ಟೇಟ್ ತಂಡದ ಡ್ರೇಮಂಡ್ ಗ್ರೀನ್ 2015-16ರಲ್ಲಿ ಶೇ. 38.8 ಹಾಕಿದರು, ಮರುವರ್ಷವೇ ಅದು 31ರ ಆಸುಪಾಸಿಗೆ ಇಳಿಯಿತು, ಎದುರಾಳಿಗಳು ಅವರನ್ನು ಬಿಟ್ಟು ಒಳಗೆ ಸರಿದರು. ಗ್ರೀನ್ ಮಾಡಿದ ಜಾಣತನ ಏನೆಂದರೆ, ತಮ್ಮ ಮುಂದೆ ಖಾಲಿ ಬಿದ್ದ ಜಾಗದಲ್ಲಿ ಓಡಿಬಂದು ತಮ್ಮ ತಂಡದ ಶೂಟರ್ ಸ್ಟೆಫ್ ಕರಿಗೆ ಬಾಲ್ ಕೈಗಿತ್ತು ಅಲ್ಲೇ ಸ್ಕ್ರೀನ್ ಹಾಕಿದರು (ಡಿಫೆಂಡರ್‌ಗೆ ಅಡ್ಡ ನಿಂತರು). ತ್ರೀ ಹೊಡೆದದ್ದು ಕರಿ.

ಮಿಲ್ವಾಕಿ ಪರ ಆಡುತ್ತಿದ್ದ ಯಾನಿಸ್ ಅಂಟೆಟೊಕುಂಪೊ ವಿಷಯದಲ್ಲಂತೂ ವರ್ಷಗಟ್ಟಲೆ ಒಂದೇ ಗಲಾಟೆ, 'ಶೂಟ್ ಕಲಿಯಬೇಕು' ಅಂತ. 2019ರಲ್ಲಿ ಟೊರಾಂಟೊ, 2020ರಲ್ಲಿ ಮಯಾಮಿ ಅವರ ಮುಂದೆ ಗೋಡೆ ಕಟ್ಟಿ ಗೆದ್ದಿದ್ದವು, ಹಾಗಾಗಿ ಮಾತಿಗೆ ಬಲ ಬಂತು. 2019-20ರಲ್ಲಿ ಪಂದ್ಯಕ್ಕೆ 4.7 ತ್ರೀ ಹೊಡೆದರು, ಬಿದ್ದದ್ದು ಶೇ. 30. ಆದರೆ 2021ರ ಫೈನಲ್‌ನ ಆರನೇ ಪಂದ್ಯ ನೋಡಿ. 50 ಪಾಯಿಂಟ್ ಹೊಡೆದು ಮಿಲ್ವಾಕಿಗೆ ಕಪ್ ತಂದರಲ್ಲ, ಅದರಲ್ಲಿ ತ್ರೀಯಿಂದ ಬಂದದ್ದು 3, ಫ್ರೀ ಥ್ರೋನಿಂದ 17. ಎದುರಾಳಿ ಕೊಟ್ಟ ಶಾಟ್ ಬಿಟ್ಟು ಗೋಡೆಗೇ ನುಗ್ಗಿ ಫೌಲ್ ಪಡೆದರು. 2024-25ಕ್ಕೆ ಬಂದರೆ ಪಂದ್ಯಕ್ಕೆ ಒಂದು ತ್ರೀ ಕೂಡ ಹೊಡೆಯುತ್ತಿರಲಿಲ್ಲ, ಒಟ್ಟು ಶೂಟಿಂಗ್ ಶೇ. 60, ಸರಾಸರಿ 30 ಪಾಯಿಂಟ್. ನೊವಿಟ್ಸ್ಕಿ ಥರ ಕೈ ಇರುವವರು ಇನ್ನೂ ಜಾಸ್ತಿ ಹೊಡೆಯಲಿ. ಶೇ. 30ರಲ್ಲೇ ನಿಂತವರನ್ನು ಮಾತ್ರ ಕೋಚ್‌ಗಳು ಬೋರ್ಡ್ ಕೆಳಗೆ ವಾಪಸ್ ಕಳಿಸಬೇಕು.