ಭಯಭಕ್ತಿ: ಕ್ರೈಸ್ತ ಆರಾಧನೆಯಲ್ಲಿ ಅದರ ಅರ್ಥವೇನು?

ದೇವರನ್ನು ಭಯಭಕ್ತಿಯಿಂದ ಆರಾಧಿಸಬೇಕು ಅನ್ನುವ ಮಾತನ್ನು ಸಭೆಯಲ್ಲಿ ಎಲ್ಲರೂ ಕೇಳಿರುತ್ತೇವೆ. ಭಕ್ತಿ ಸರಿ, ಭಯ ಯಾಕೆ? ಪ್ರೀತಿಸುವ ತಂದೆಗೆ ಹೆದರುವುದೇ?

ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯ ಓದಿ ನೋಡಿ. ದೇವರು ಇಸ್ರಾಯೇಲ್ ಜನರಿಗೆ ದಶಾಜ್ಞೆ, ಅಂದರೆ ಹತ್ತು ಆಜ್ಞೆಗಳನ್ನು ಕೊಟ್ಟ ಹೊತ್ತು. ಸೀನಾಯಿ ಬೆಟ್ಟದ ಮೇಲೆ ಗುಡುಗು, ಮಿಂಚು, ಹೊಗೆ. ಜನ ನಡುಗಿ ದೂರ ನಿಂತರು. ಅವರ ನಾಯಕ ಮೋಶೆ ಅವರಿಗೆ ಹೆದರಬೇಡಿ ಅಂದನು. ಅದೇ ಉಸಿರಿನಲ್ಲಿ, ನೀವು ಪಾಪ ಮಾಡದ ಹಾಗೆ ದೇವರ ಭಯ ನಿಮ್ಮಲ್ಲಿರಬೇಕು ಅಂತಲೂ ಹೇಳಿದನು. ಮೊದಲನೆಯದು ಓಡಿಹೋಗುವಂತೆ ಮಾಡುವ ಹೆದರಿಕೆ. ಏದೆನ್ ತೋಟದಲ್ಲಿ ಆದಾಮ ಮರಗಳ ನಡುವೆ ಅಡಗಿಕೊಂಡದ್ದು ಅದರಿಂದಲೇ. ಎರಡನೆಯದು ಭಯಭಕ್ತಿ. ಅದಿದ್ದವರು ದೇವರ ಹತ್ತಿರ ಹೋಗುತ್ತಾರೆ. ಆ ದಿನ ಜನ ದೂರವೇ ಉಳಿದರು. ದೇವರಿದ್ದ ಕಾರ್ಗತ್ತಲಿನ ಸಮೀಪಕ್ಕೆ ಹೋದವನು ಮೋಶೆ.

ಗಂಭೀರವಾಗಿ ಮುಖ ಬಿಗಿದುಕೊಂಡು ಕೂತರೆ ಭಯಭಕ್ತಿ ಅಂತ ಕೆಲವರು ತಿಳಿಯುತ್ತಾರೆ. ಎರಡನೆಯ ಸಮುವೇಲನ 6ನೇ ಅಧ್ಯಾಯ ಬೇರೆಯೇ ಹೇಳುತ್ತದೆ. ದೇವರ ಮಂಜೂಷವನ್ನು, ಅಂದರೆ ದಶಾಜ್ಞೆಯ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆಯನ್ನು, ದೇವರ ಸೇವೆಗೆ ನೇಮಕವಾದ ಕುಲದ ಲೇವಿಯರು ಹೆಗಲ ಮೇಲೆ ಹೊರಬೇಕಿತ್ತು. ಅದನ್ನು ಬಂಡಿಯಲ್ಲಿಟ್ಟು ತಂದರು. ಎತ್ತುಗಳು ಎಡವಿದಾಗ ಉಜ್ಜ ಕೈಚಾಚಿ ಅದನ್ನು ಹಿಡಿದನು, ಅಲ್ಲೇ ಸತ್ತನು. ಅರಸ ದಾವೀದನಿಗೆ ಭಯವಾಯಿತು. ಮಂಜೂಷ 3 ತಿಂಗಳು ಓಬೇದೆದೋಮನ ಮನೆಯಲ್ಲಿ ಉಳಿಯಿತು. ಆ ಮನೆಯನ್ನು ದೇವರು ಆಶೀರ್ವದಿಸಿದ ಸುದ್ದಿ ಬಂದ ಮೇಲೆ ದಾವೀದ ಅದನ್ನು ಕ್ರಮವಾಗಿ ಹೊರಿಸಿ ತಂದನು, ತನ್ನ ಶಕ್ತಿಯೆಲ್ಲ ಹಾಕಿ ಕುಣಿದನು! ಆ ಕುಣಿತದಲ್ಲೂ ಭಯಭಕ್ತಿ ಇತ್ತು. ಹಾಗಾಗಿ ತಬಲ, ಗಿಟಾರು, ಚಪ್ಪಾಳೆಯನ್ನು ದೂರಿ ಫಲವಿಲ್ಲ. ಯಾರ ಮುಂದೆ ಹಾಡುತ್ತಿದ್ದೇವೆ ಅನ್ನುವುದು ಮರೆತುಹೋಗುವುದೇ ತೊಂದರೆ.

ಇದನ್ನು ಬೆಳೆಸಿಕೊಳ್ಳುವುದು ಹೇಗೆ? ದೀಪ ಮಂಕು ಮಾಡಿ ಮೆಲ್ಲನೆ ಕೀಬೋರ್ಡ್ ನುಡಿಸಿದರೆ ಮೈ ಜುಮ್ಮೆನ್ನಬಹುದು. ಅದು ಬೇಗ ಇಳಿದುಹೋಗುತ್ತದೆ, ಅಲ್ವಾ? ಪ್ರವಾದಿ ಯೆಶಾಯ ಹೆದರಬೇಕು ಅಂತ ಪ್ರಯತ್ನ ಮಾಡಲಿಲ್ಲ. ಅವನು ದರ್ಶನದಲ್ಲಿ ಕರ್ತನನ್ನು ಕಂಡನು. ದೇವರ ಸಿಂಹಾಸನದ ಬಳಿಯ ಪಾಪವಿಲ್ಲದ ಪರಲೋಕ ಜೀವಿಗಳಾದ ಸೆರಾಫಿಯರೇ ರೆಕ್ಕೆಗಳಿಂದ ಮುಖ ಮುಚ್ಚಿಕೊಂಡು ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು ಎಂದು ಕೂಗುತ್ತಿದ್ದರು. ಆಗ ಅವನಿಗೆ ತನ್ನ ತುಟಿಗಳು ಅಶುದ್ಧ ಅನ್ನಿಸಿತು. ನಮಗೆ ಆ ನೋಟ ಸಿಗುವುದು ದೇವರ ವಾಕ್ಯವಾದ ಬೈಬಲಿನಲ್ಲಿ. ಅದಕ್ಕೇ ಶನಿವಾರ ರಾತ್ರಿ ಒಂದು ಅಧ್ಯಾಯವನ್ನು ನಿಧಾನವಾಗಿ ಓದುವುದು ಒಳ್ಳೆಯದು. ಭಾನುವಾರ ಸ್ವಲ್ಪ ಮುಂಚೆ ಬಂದು, ಫೋನು ಒಳಗಿಟ್ಟು, ಸುಮ್ನೆ ಕೂರಬೇಕು. ದೇವರ ಮುಂದೆ ನಿನ್ನ ಮಾತು ಕಡಿಮೆ ಇರಲಿ ಎಂದು ಬೈಬಲಿನ ಪ್ರಸಂಗಿ ಪುಸ್ತಕದ 5ನೇ ಅಧ್ಯಾಯ ಹೇಳುತ್ತದೆ. ದೇಹವೂ ಮನಸ್ಸಿಗೆ ಕಲಿಸುತ್ತದೆ. ಮೊಣಕಾಲೂರುವುದು, ನಮ್ಮ ಹಳ್ಳಿಗಳ ಎಷ್ಟೋ ಚರ್ಚುಗಳಲ್ಲಿ ಮಾಡುವಂತೆ ಚಪ್ಪಲಿ ಹೊರಗೆ ಬಿಡುವುದು ಬರೀ ರೂಢಿಯಲ್ಲ. ಉರಿಯುವ ಪೊದೆಯ ಮುಂದೆ ಮೋಶೆಗೂ ಕೆರ ಕಳಚು ಅಂತಲೇ ದೇವರು ಹೇಳಿದರು.

ಯೇಸುವಿನ ಮರಣವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ದಿನ ಇದು ಇನ್ನೂ ಸ್ಪಷ್ಟ. ನಾನು ಯೋಗ್ಯನಲ್ಲ ಅಂತ ಹಿಂದೆ ಉಳಿಯುವವರು ಬಹಳ ಜನ. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳುವುದು, ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಲಿ, ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ ಅಂತ. ಪಾಪ ಅರಿಕೆ ಮಾಡಿ, ಎದ್ದು ಮೇಜಿನ ಬಳಿಗೆ ಬನ್ನಿ.