ಚಾಂಟ್ ಎಲ್ಲಿಂದ ಬಂತು? ಮಟ್ಟು ಹಿಡಿದು ಹುಡುಕೋಣ

2019ರ ಮಾರ್ಚ್ 17, ಅಂಧೇರಿಯ ಮುಂಬೈ ಫುಟ್‌ಬಾಲ್ ಅರೀನಾ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಫೈನಲ್, ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ. ಕನ್ನಡದವರ ತಂಡ ನಮ್ಮ ಮನೆ ಬಾಗಿಲಿಗೇ ಬಂದಿದೆ ಅಂತ ನಾನು ಸೋದರಮಾವನನ್ನೂ ಎಳೆದುಕೊಂಡು ಹೋಗಿದ್ದೆ. ಮಾವ ಉಡುಪಿ ಕಡೆಯವರು, ಮುಂಬೈಗೆ ಬಂದು ನಲವತ್ತು ವರ್ಷ, ಹೋಟೆಲ್ ಗಲ್ಲಾದಲ್ಲೇ ತಲೆ ನರೆಯಿತು. ಫುಟ್‌ಬಾಲ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ನಮ್ಮ ಮುಂದೆ ಒಬ್ಬ ಹುಡುಗ ಮೈದಾನಕ್ಕೆ ಬೆನ್ನು ಹಾಕಿ ನಿಂತುಕೊಂಡು, ಕೊರಳಿಗೆ ಡ್ರಮ್ ನೇತುಹಾಕಿಕೊಂಡು, ಬೆವರು ಸುರಿಸುತ್ತಾ ಬಡಿಯುತ್ತಿದ್ದ. ಮಾವ ಹತ್ತು ನಿಮಿಷ ಅವನನ್ನೇ ನೋಡಿದರು. ಆಮೇಲೆ ಕೇಳಿದರು: "ಅಲ್ಲ ಮಾರಾಯ, ಇವರು ಆಟ ನೋಡ್ಲಿಕ್ಕೆ ಬಂದದ್ದಾ, ಭಜನೆ ಮಾಡ್ಲಿಕ್ಕೆ ಬಂದದ್ದಾ?"

ಜಾನಪದ ಪರೀಕ್ಷೆಗೆ ಓದುತ್ತಾ 'ಇವತ್ತಿನ ಗುಂಪುಹಾಡು' ಅನ್ನುವ ಭಾಗಕ್ಕೆ ಬಂದಾಗ ನನಗೆ ಮೊದಲು ನೆನಪಾದದ್ದು ಮಾವನ ಈ ಪ್ರಶ್ನೆ. ತಮಾಷೆಯ ಮಾತಾದರೂ ಅವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಜೊತೆಗೆ ಓದುತ್ತಿರುವವರಿಗೆ ಉಪಯೋಗ ಆಗಲಿ ಅಂತ ಚಾಂಟ್ ಬಗ್ಗೆ, ಅಂದರೆ ಗ್ಯಾಲರಿಯಲ್ಲಿ ಅಭಿಮಾನಿಗಳು ಒಟ್ಟಿಗೆ ಹಾಡುವ ಕೂಗುಹಾಡಿನ ಬಗ್ಗೆ, ನನ್ನ ಟಿಪ್ಪಣಿಯನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಒಂದು ಪದ ಹಿಡಿದುಕೊಳ್ಳಿ: ಮಟ್ಟು. ಹಳೆಯ ಹಾಡಿನ ಪುಸ್ತಕಗಳಲ್ಲಿ ಪದ್ಯದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಇಂಥ ಹಾಡಿನ ಮಟ್ಟು' ಅಂತ ಇರುತ್ತದಲ್ಲ, ಅದೇ. ರಾಗ ಮೊದಲೇ ಜನರ ಬಾಯಲ್ಲಿದೆ, ಮಾತು ಮಾತ್ರ ಹೊಸದು. ಫುಟ್‌ಬಾಲ್ ಚಾಂಟಿನ ಹುಟ್ಟು ಹುಡುಕುವವರು ಸಾಮಾನ್ಯವಾಗಿ ಮಾತಿನ ಹಿಂದೆ ಹೋಗುತ್ತಾರೆ, ಯಾರು ಬರೆದದ್ದು ಅಂತ ಕೇಳುತ್ತಾರೆ. ಉತ್ತರ ಸಿಗುವುದಿಲ್ಲ, ಸಿಕ್ಕರೂ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಮಟ್ಟನ್ನು ಹಿಡಿದು ಹೋದರೆ ದಾರಿ ಸಲೀಸು. ಆ ಊರಿನ ಜನ ಆ ಕಾಲದಲ್ಲಿ ಎಲ್ಲಿ ಒಟ್ಟಿಗೆ ಹಾಡುತ್ತಿದ್ದರು ಅಂತ ನೋಡಿ, ಚಾಂಟ್ ಬಂದದ್ದು ಅಲ್ಲಿಂದ. ನನ್ನ ಇಡೀ ಟಿಪ್ಪಣಿ ಇಷ್ಟೇ, ಉಳಿದದ್ದೆಲ್ಲ ಉದಾಹರಣೆ. (ಹಳೇ ಕಾಲದ ಯುದ್ಧದ ಕೂಗೇ ಚಾಂಟ್ ಆಯಿತು ಅನ್ನುವ ವಿವರಣೆಯೂ ಇದೆ. ಕೇಳಲು ಚೆನ್ನಾಗಿದೆ, ಆದರೆ ಯಾವ ಒಂದು ಚಾಂಟನ್ನೂ ಅದು ಬಿಡಿಸಿ ತೋರಿಸುವುದಿಲ್ಲ. ನನಗೆ ಹಿಡಿಸಲಿಲ್ಲ.)

ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಶುರು ಮಾಡೋಣ. ಅಲ್ಲಿಯ ಅಭಿಮಾನಿಗಳ 'ಪಾಂಪಿ ಚೈಮ್ಸ್' ತೀರಾ ಹಳೆಯದು. ಅದರ ಮಟ್ಟು ಯಾವುದು ಗೊತ್ತಾ? ಊರಿನ ಗಡಿಯಾರ ಗಂಟೆ ಹೊಡೆಯುವ ಸದ್ದು. ಹಳೇ ಗೋಡೆ ಗಡಿಯಾರಗಳಲ್ಲಿ ನಾಲ್ಕು ಸ್ವರ ಏರಿಳಿದು ಆಮೇಲೆ ಗಂಟೆ ಬಡಿಯುತ್ತದಲ್ಲ, ಅದೇ ನಾಲ್ಕು ಸ್ವರ. 1890ರ ದಶಕದಲ್ಲಿ ಅಲ್ಲಿ ರಾಯಲ್ ಆರ್ಟಿಲರಿಯ ತಂಡ ಆಡುತ್ತಿತ್ತು, ಗಡಿಯಾರ ನಾಲ್ಕು ಹೊಡೆಯುವ ಹೊತ್ತಿಗೆ ಪಂದ್ಯ ಮುಗಿಯಬೇಕು, ಜನ ಗಂಟೆಯ ಜೊತೆಗೇ ರಾಗ ಎಳೆದು ರೆಫ್ರಿಗೆ 'ಆಯ್ತು, ಸೀಟಿ ಊದಪ್ಪ' ಅಂತ ಸೂಚನೆ ಕೊಡುತ್ತಿದ್ದರಂತೆ. ಪೋರ್ಟ್ಸ್‌ಮತ್ ಕ್ಲಬ್ ಹುಟ್ಟಿದ್ದು 1898ರಲ್ಲಿ. ಅಂದರೆ ಕ್ಲಬ್ಬಿಗಿಂತ ಅದರ ಹಾಡಿಗೇ ವಯಸ್ಸು ಜಾಸ್ತಿ. ನಾರ್ವಿಚ್ ಕತೆಯೂ ಹೀಗೇ. ಕ್ಲಬ್ ಶುರುವಾದದ್ದು 1902ರಲ್ಲಿ, ಹಾಡು ಅದಕ್ಕಿಂತ ಹಿಂದಿನದು ಅಂತ ಲೆಕ್ಕ.

ಇನ್ನೊಂದು ದೊಡ್ಡ ಮೂಲ ಚರ್ಚು. ಇಲ್ಲಿ ಮಾವನ ಭಜನೆ ಮಾತು ನೇರವಾಗಿ ಕೂರುತ್ತದೆ. 1927ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯಾವಳಿಯ ಫೈನಲ್‌ನಲ್ಲಿ, ಕಾರ್ಡಿಫ್ ಆರ್ಸೆನಲ್ಲನ್ನು 1-0ರಿಂದ ಸೋಲಿಸಿದ ಆ ಪಂದ್ಯದಲ್ಲಿ, ವೆಂಬ್ಲಿಯಲ್ಲಿ ಸೇರಿದ ಜನರೆಲ್ಲ 'ಅಬೈಡ್ ವಿತ್ ಮಿ' ಅನ್ನುವ ಪ್ರಾರ್ಥನಾ ಗೀತೆ ಹಾಡಿದರು. ಅದು ಸಾವಿನ ಹೊತ್ತಿಗೆ ದೇವರೇ ಜೊತೆಗಿರು ಅನ್ನುವ ಹಾಡು. ಈಗಲೂ ಆ ಫೈನಲ್‌ಗೆ ಮುಂಚೆ ಅದು ಬೇಕೇ ಬೇಕು. ಭಾನುವಾರ ಚರ್ಚಿನಲ್ಲಿ ಹಾಡಿ ಅಭ್ಯಾಸ ಇದ್ದ ಗಂಟಲುಗಳು ಶನಿವಾರ ಮೈದಾನದಲ್ಲಿ ಸುಮ್ನೆ ಇರುತ್ತವಾ? 1907ರಲ್ಲಿ ಜಾನ್ ಹ್ಯೂಸ್ ರಾಗ ಹಾಕಿದ ವೇಲ್ಸಿನ 'ಕೂಮ್ ರಾಂಡಾ' ಅನ್ನುವ ಸ್ತೋತ್ರದ ಮಟ್ಟಿನಲ್ಲಿ ಈಗ ಗ್ಯಾಲರಿಗಳು ಸೋಲುತ್ತಿರುವ ಎದುರಾಳಿಗಳನ್ನು ಕೆಣಕುತ್ತವೆ: ಏನ್ರೋ, ಹಾಡು ನಿಂತೇಹೋಯ್ತಲ್ಲ! ಭಜನೆ ಮಟ್ಟಿಗೆ ಚುನಾವಣೆ ಹಾಡು ಕಟ್ಟುವ ನಮಗೆ ಇದೇನು ಆಶ್ಚರ್ಯ ಅಲ್ಲ.

ಇಷ್ಟಾದರೂ 90 ನಿಮಿಷ ಎಡೆಬಿಡದೆ ಹಾಡುವುದು, ಆಟಗಾರನಿಗೊಂದು ಎದುರಾಳಿಗೊಂದು ಅಂತ ಸಾಲು ಕಟ್ಟುವುದು ಬೆಳೆದದ್ದು 1960ರ ದಶಕದಲ್ಲಿ. ಇಲ್ಲಿ ಲಿವರ್‌ಪೂಲ್ ಹತ್ತಿರ ಸ್ವಲ್ಪ ನಿಲ್ಲಲೇಬೇಕು. ಆನ್‌ಫೀಲ್ಡ್ ಮೈದಾನದ ಒಂದು ತುದಿಯ ಗ್ಯಾಲರಿಗೆ ಕಾಪ್ ಅಂತ ಹೆಸರು. 1900ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಸ್ಪಿಯಾನ್ ಕಾಪ್ ಬೆಟ್ಟದಲ್ಲಿ ನಡೆದ ಯುದ್ಧದಲ್ಲಿ ಸತ್ತವರ ನೆನಪಿಗೆ ಇಟ್ಟದ್ದು. ಗಾಯಾಳುಗಳನ್ನು ಸ್ಟ್ರೆಚರ್‌ನಲ್ಲಿ ಹೊತ್ತ ಭಾರತೀಯರ ದಳದಲ್ಲಿ ಗಾಂಧೀಜಿ ಇದ್ದದ್ದು ಅದೇ ಸ್ಪಿಯಾನ್ ಕಾಪ್‌ನಲ್ಲಿ. ಪರೀಕ್ಷೆಗೆ ಬೇಕಾಗಿಲ್ಲ, ಆದರೆ ಓದಿದಾಗ ನನಗೆ ಮೈ ಜುಮ್ಮಂದಿತು.

ಆ ಕಾಪ್‌ನಲ್ಲಿ ಸಾವಿರಾರು ಹುಡುಗರು ಒತ್ತೊತ್ತಿಗೆ ನಿಂತಿರುತ್ತಿದ್ದರು. ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಆ ವಾರದ ಹಿಟ್ ಹಾಡುಗಳನ್ನು ಹಾಕುತ್ತಿದ್ದರು. ಬೀಟಲ್ಸ್ ಅದೇ ಊರಿನವರು, ಹಿಟ್ ಅಂದರೆ ಅರ್ಧಕ್ಕರ್ಧ ನೆರೆಮನೆಯವರ ಹಾಡೇ. 1945ರ ಒಂದು ಅಮೆರಿಕನ್ ಸಂಗೀತ ನಾಟಕಕ್ಕೆ ಬರೆದಿದ್ದ 'ಯು ವಿಲ್ ನೆವರ್ ವಾಕ್ ಅಲೋನ್' ಅನ್ನು 1963ರಲ್ಲಿ ಲಿವರ್‌ಪೂಲಿನ ಜೆರ್ರಿ ಆಂಡ್ ದ ಪೇಸ್‌ಮೇಕರ್ಸ್ ಹಾಡಿದರು, ಅದು ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಕಾಪ್ ಅದನ್ನು ಹಿಡಿದುಕೊಂಡಿತು. ಪಟ್ಟಿಯಿಂದ ಹಾಡು ಇಳಿದ ಮೇಲೂ ಜನ ಬಿಡಲಿಲ್ಲ. 1964ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮದವರು ಬಂದು ಕಾಪ್ ಹಾಡುವುದನ್ನು ಚಿತ್ರೀಕರಿಸಿದರು. ಆ ಕಪ್ಪು ಬಿಳುಪು ತುಣುಕು ಈಗಲೂ ನೋಡಲು ಸಿಗುತ್ತದೆ. ಆಟ ಬಿಟ್ಟು ಜನರನ್ನೇ ನೋಡಿ, ಕಡಲಿನ ಹಾಗೆ ತೂಗುತ್ತಾರೆ.

ಮಟ್ಟು ಸಿಕ್ಕಿದ ಮೇಲೆ ಎರಡನೇ ಹೆಜ್ಜೆ, ಅದರಲ್ಲೊಂದು ಖಾಲಿ ಜಾಗ. ಕ್ಯೂಬಾದ 'ಗ್ವಾಂಟಾನಮೇರಾ' ಹಾಡಿನ ಪಲ್ಲವಿ ಇದೆಯಲ್ಲ, ಇಂಗ್ಲೆಂಡಿನ ಗ್ಯಾಲರಿಗಳಲ್ಲಿ ಅದು 'ಇರೋದು ಒಬ್ಬನೇ ಇಂಥವನು' ಅನ್ನುವ ಸಾಲಾಯಿತು. 'ಇಂಥವನು' ಇರುವಲ್ಲಿ ಯಾರ ಹೆಸರು ಬೇಕಾದರೂ ತುರುಕಿ. 'ಸುನಿಲ್ ಛೇತ್ರಿ' ಹಾಕಿ ಗುನುಗಿ ನೋಡಿ, ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ಉದ್ದ ಹೆಸರಿನ ಆಟಗಾರನಿಗೆ ಬೇರೆ ಮಟ್ಟು ಹುಡುಕಬೇಕು, ಪಾಪ.

ಮಾತೇ ಇಲ್ಲದ ಚಾಂಟ್ ಗಡಿ ದಾಟುವುದು ಇನ್ನೂ ಸುಲಭ. ವೈಟ್ ಸ್ಟ್ರೈಪ್ಸ್ ತಂಡದ 2003ರ 'ಸೆವೆನ್ ನೇಷನ್ ಆರ್ಮಿ' ಹಾಡಿನ ಏಳು ಸ್ವರದ ಗಿಟಾರ್ ತುಣುಕು ನೀವು ಖಂಡಿತ ಕೇಳಿದ್ದೀರಿ, ಹೆಸರು ಗೊತ್ತಿಲ್ಲದಿದ್ದರೂ. ಆ ವರ್ಷ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಜ್ ಅಭಿಮಾನಿಗಳು ಮಿಲಾನ್‌ಗೆ ಹೋಗಿದ್ದಾಗ ಒಂದು ಬಾರಿನಲ್ಲಿ ಈ ಹಾಡು ಕೇಳಿ ಗುನುಗಲು ಶುರು ಮಾಡಿದರು. ಅವತ್ತು ಬ್ರೂಜ್ ಎಸಿ ಮಿಲಾನನ್ನು 1-0ರಿಂದ ಸೋಲಿಸಿಬಿಟ್ಟಿತು. ಗೆದ್ದ ದಿನದ ಹಾಡನ್ನು ಯಾರು ಬಿಡುತ್ತಾರೆ? ಊರಿಗೆ ತಂದರು. 2006ರಲ್ಲಿ ಬ್ರೂಜ್‌ಗೆ ಆಡಲು ಬಂದ ರೋಮಾದವರು ಅದನ್ನು ಅಲ್ಲಿಂದ ಎತ್ತಿಕೊಂಡು ಹೋದರು, ಅದೇ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಿತು, ಬೀದಿಬೀದಿಯಲ್ಲಿ 'ಪೋ ಪೋ ಪೋ ಪೋ'. ಅಮೆರಿಕದ ಹಾಡು, ಬೆಲ್ಜಿಯಂನವರ ಬಾಯಿ, ಇಟಲಿಯ ವಿಶ್ವಕಪ್. ಬರೆದವನಿಗೆ ಇದ್ಯಾವುದೂ ತಲೆಯಲ್ಲಿ ಇರಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಸರ್ ಎಡ್ವರ್ಡ್ ಎಲ್ಗರ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ದೊಡ್ಡ ಸಂಗೀತಗಾರ, ವೂಲ್ವರ್‌ಹ್ಯಾಂಪ್ಟನ್ ತಂಡದ ಅಭಿಮಾನಿ. 1898ರಲ್ಲಿ ಪತ್ರಿಕೆಯ ಪಂದ್ಯ ವರದಿಯ ಒಂದು ಸಾಲು ಮನಸ್ಸಿಗೆ ಹಿಡಿಸಿ ಅದಕ್ಕೆ ರಾಗ ಹಾಕಿದರು. ಮೊದಲ ಫುಟ್‌ಬಾಲ್ ಚಾಂಟ್ ಅಂತ ಕೆಲವರು ಅದನ್ನೇ ಕರೆಯುತ್ತಾರೆ. ನಾನು ಒಪ್ಪುವುದಿಲ್ಲ. ಗ್ಯಾಲರಿ ಹಾಡದ ಮೇಲೆ ಅದೆಂಥ ಚಾಂಟ್? ಅದು ಕಾಗದದಲ್ಲೇ ಉಳಿಯಿತು. ಆದರೆ ಇದೇ ಎಲ್ಗರ್ 1901ರಲ್ಲಿ ರಾಜಗಾಂಭೀರ್ಯದ ಒಂದು ಮಾರ್ಚ್ ಬರೆದರು, ಆಮೇಲೆ ಅದಕ್ಕೆ ದೇಶಭಕ್ತಿಯ ಮಾತು ಸೇರಿತು, ಊರೆಲ್ಲ ಹಾಡಿತು. ಆ ಮಟ್ಟಿಗೇ ಇಂಗ್ಲೆಂಡಿನ ಅಭಿಮಾನಿಗಳು ಎದುರಾಳಿ ಕ್ಲಬ್ಬುಗಳ ಹೆಸರು ಹಿಡಿದು 'ನಿಮ್ಮನ್ನು ಕಂಡರಾಗದು' ಅಂತ ಬೈಯುವ ಸಾಲು ಕಟ್ಟಿಕೊಂಡರು. ಚಾಂಟ್ ಬರೆಯಲು ಹೊರಟಾಗ ಆಗಲಿಲ್ಲ, ಬರೆಯದೆ ಇದ್ದಾಗ ಆಯಿತು.

ಗುಂಪಿನಲ್ಲಿ ಯಾವ ಮಟ್ಟು ನಿಲ್ಲುತ್ತದೆ ಅನ್ನುವುದಕ್ಕೆ ಶಬ್ದದ ಲೆಕ್ಕವೂ ಇದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೈದಾನದ ಉದ್ದ 100 ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಈ ತುದಿಯ ಕೂಗು ಆ ತುದಿಗೆ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಬಿರುಸಿನ ಹಾಡಾದರೆ ಅಷ್ಟರಲ್ಲಿ ಒಂದು ತಾಳವೇ ತಪ್ಪಿಹೋಗುತ್ತದೆ. ಅದಕ್ಕೇ ಇಡೀ ಸ್ಟೇಡಿಯಂ ಹಾಡುವ ಹಾಡುಗಳು ನಿಧಾನ. ಅದಕ್ಕೇ ಡ್ರಮ್ಮಿನವನು ಬೆನ್ನು ಹಾಕಿ ನಿಲ್ಲುವುದು. ಹೀಗೆ ಬೆನ್ನು ಹಾಕಿ ನಿಂತು ಹಾಡಿಸುವವನಿಗೆ ಇಟಲಿಯಲ್ಲಿ ಕಾಪೋ ಅನ್ನುತ್ತಾರೆ, ನಮ್ಮಲ್ಲೂ ಆ ಹೆಸರು ಬಂದಿದೆ. ಕಿವಿಗೆ ತಡವಾಗಿ ಬರುವ ತಾಳವನ್ನು ಜನ ಅವನ ಕೈ ನೋಡಿ ಕಣ್ಣಿನಿಂದಲೇ ಹಿಡಿಯುತ್ತಾರೆ.

ಐಸ್‌ಲ್ಯಾಂಡಿನವರ 'ವೈಕಿಂಗ್ ಚಪ್ಪಾಳೆ' ಕೂಡ ಇದೇ ಜಾಣತನ. ಡ್ರಮ್ ಎರಡು ಏಟು, ಆಮೇಲೆ ಮೌನ, ಆಮೇಲೆ ಎಲ್ಲರದೂ ಒಂದೇ ಚಪ್ಪಾಳೆ, 'ಹೂ!' 2016ರ ಯೂರೋ ಕಪ್ಪಿನಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ವೈಕಿಂಗರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ, 2014ರಲ್ಲಿ ಸ್ಕಾಟ್ಲೆಂಡಿನ ಮದರ್‌ವೆಲ್ ಜೊತೆ ಆಡಲು ಹೋದ ಒಂದು ಐಸ್‌ಲ್ಯಾಂಡ್ ಕ್ಲಬ್ಬಿನ ಅಭಿಮಾನಿಗಳು ಅಲ್ಲಿಂದ ಕಲಿತು ಬಂದದ್ದು. 2018ರ ಜೂನ್‌ನಲ್ಲಿ ಅದು ನಮ್ಮ ಅಂಧೇರಿಗೂ ಬಂತು. ಭಾರತ ಚೈನೀಸ್ ತೈಪೆ ವಿರುದ್ಧ 5-0 ಗೆದ್ದ ಪಂದ್ಯಕ್ಕೆ ಬಂದವರು ಬರೀ 2,569 ಜನ. ತಂಡದ ನಾಯಕನಾಗಿದ್ದ ಛೇತ್ರಿ ವಿಡಿಯೋ ಮಾಡಿ, ಬೈಯಲಿಕ್ಕಾದರೂ ಸ್ಟೇಡಿಯಂಗೆ ಬನ್ನಿ ಅಂತ ಕೇಳಿಕೊಂಡರು. ಮುಂದಿನ ಪಂದ್ಯಕ್ಕೆ, ಅವರ ನೂರನೇ ಪಂದ್ಯ ಅದು, ಮಳೆಯಲ್ಲೂ ಟಿಕೆಟ್ ಖಾಲಿ. ಕೀನ್ಯಾವನ್ನು 3-0ರಿಂದ ಗೆದ್ದ ಮೇಲೆ ಆಟಗಾರರೂ ಜನರೂ ಸೇರಿ ಆ ಚಪ್ಪಾಳೆ ಹೊಡೆದರು.

ಮುಂಬೈನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನಿ. ಒಬ್ಬ 'ಗಣಪತಿ ಬಪ್ಪಾ' ಅಂದರೆ ಸಾಕು, ರಿಕ್ಷಾದಲ್ಲಿ ಹೋಗುತ್ತಿರುವವನೂ 'ಮೋರಯಾ' ಅನ್ನುತ್ತಾನೆ. ಕರೆ ಒಬ್ಬನದು, ಓಗೊಡುವುದು ಊರು. ಫೈನಲ್ ದಿನ ಎರಡನೇ ಅರ್ಧದ ಹೊತ್ತಿಗೆ ಡ್ರಮ್ ನಿಧಾನವಾಯಿತು, ಏಟು, ಮೌನ, ಏಟು. ನೋಡಿದರೆ ಪಕ್ಕದಲ್ಲಿ ಮಾವ ಸಣ್ಣ ದನಿಯಲ್ಲಿ 'ಐಲೇಸಾ' ಅನ್ನುತ್ತಿದ್ದಾರೆ! ಮಲ್ಪೆ ಕಡಲ ಬದಿಯಲ್ಲಿ ಕೈರಂಪಣಿ ಬಲೆ ಎಳೆಯುವಾಗ ಹೇಳುವ ಐಲೇಸಾ. ಏಟಿಗೆ ಸರಿಯಾಗಿ ಕೂತಿತ್ತು. ಹಿಂದಿನ ಸಾಲಿನ ಇಬ್ಬರು ಕುಂದಾಪುರದ ಹುಡುಗರು ಅದನ್ನು ಕೇಳಿಸಿಕೊಂಡರು, ಆಮೇಲೆ ನಮ್ಮ ಮೂಲೆ ಪೂರ್ತಿ ಐಲೇಸಾ. ಒಂದು ಚಾಂಟ್ ಹುಟ್ಟುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೊಂದೇ ಸಲ. ಅದು ಆ ರಾತ್ರಿಯೇ ಸತ್ತೂ ಹೋಯಿತು, ಬಹಳಷ್ಟು ಚಾಂಟುಗಳ ಹಣೆಬರಹವೇ ಅದು.

116 ನಿಮಿಷ ಗೋಲಿಲ್ಲ. 117ನೇ ನಿಮಿಷ ಕಾರ್ನರ್, ದಿಮಾಸ್ ಡೆಲ್ಗಾಡೊ ಹೊಡೆದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. ಆ ಕ್ಷಣ ಯಾರೂ ಹಾಡಲಿಲ್ಲ, ತಾಳ ಇಲ್ಲ, ಮಾತಿಲ್ಲ, ಬರೀ ಕಿರುಚಾಟ. ಡ್ರಮ್ಮಿನ ಹುಡುಗ ಅತ್ತ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವನ ತೋಳು ಹಿಡಿದು ಕೇಳುತ್ತಿದ್ದ, "ಯಾರು ಅಂಕಲ್, ಯಾರು ಹೊಡೆದ್ರು?"

"ಯಾರಾದ್ರೆ ಎಂತ ಮಾರಾಯ," ಅಂದರು ಮಾವ, "ನೀನು ಡ್ರಮ್ ಹೊಡಿ!"